ಸದಸ್ಯತ್ವ ಶುಲ್ಕ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಾನು 14 ವರ್ಷಗಳಿಂದ ಒಂದು ವೃತ್ತಿಪರ ಸಂಘದ ಸದಸ್ಯೆ. ಶುಲ್ಕವನ್ನು ಒಮ್ಮೆಯೂ ತಪ್ಪಿಸಿಲ್ಲ. ಪ್ರತಿಯಾಗಿ ಬರುವುದು ತ್ರೈಮಾಸಿಕ ಪತ್ರಿಕೆಯೊಂದೇ. ವಾರ್ಷಿಕ ಸಮ್ಮೇಳನಕ್ಕೆ ಬೇರೆಯಾಗಿ ನೋಂದಣಿ ಶುಲ್ಕ ಕಟ್ಟಬೇಕು. ಈ ಸಲದ ವಾರ್ಷಿಕ ವರದಿಯಲ್ಲಿ ಖರ್ಚಿನ ಅರ್ಧಕ್ಕಿಂತ ಹೆಚ್ಚಿನ ಪಾಲು ‘ಆಡಳಿತ ವೆಚ್ಚ’ ಎಂಬ ಒಂದೇ ಸಾಲಿನಲ್ಲಿದೆ. ನಮ್ಮ ಹಣವನ್ನು ಕಚೇರಿಯೇ ನುಂಗುತ್ತಿದೆ ಎಂದು ತಿಳಿಯಬೇಕೆ?

ಉತ್ತರ: ಆ ಒಂದು ಸಾಲನ್ನು ನೋಡಿ ಹಾಗೆ ತೀರ್ಮಾನಿಸಲಾಗದು, ಆದರೆ ಅಷ್ಟು ದೊಡ್ಡ ಮೊತ್ತವನ್ನು ಒಂದೇ ಸಾಲಿನಲ್ಲಿ ಮುಗಿಸಿರುವುದು ಸರಿಯಲ್ಲ, ನಿಮ್ಮ ಅನುಮಾನಕ್ಕೆ ಅದೇ ಕಾರಣ. ಇಂಥ ಸಂಘಗಳಲ್ಲಿ ಸಾಮಾನ್ಯವಾಗಿ ದೊಡ್ಡ ಖರ್ಚೆಂದರೆ ಸಿಬ್ಬಂದಿಯ ಸಂಬಳ. ಒಬ್ಬ ಉದ್ಯೋಗಿ ವಾರದ ಐದು ದಿನಗಳಲ್ಲಿ ಎರಡು ದಿನ ಪತ್ರಿಕೆಯ ಕರಡು ತಿದ್ದುತ್ತಾರೆ, ಎರಡು ದಿನ ಸಮ್ಮೇಳನದ ನೋಂದಣಿ ನೋಡಿಕೊಳ್ಳುತ್ತಾರೆ, ಉಳಿದ ಒಂದು ದಿನ ಸದಸ್ಯರ ಪತ್ರಗಳಿಗೆ ಉತ್ತರಿಸುತ್ತಾರೆ ಎನ್ನೋಣ. ಅವರ ಪೂರ್ತಿ ಸಂಬಳವನ್ನು ಆಡಳಿತಕ್ಕೆ ಬರೆದರೆ ಆಡಳಿತ ವೆಚ್ಚ ಉಬ್ಬಿದಂತೆ ಕಾಣುತ್ತದೆ, ಪತ್ರಿಕೆ ಅಗ್ಗವಾಗಿ ಕಾಣುತ್ತದೆ, ಸಮ್ಮೇಳನ ಲಾಭ ತಂದಂತೆ ಕಾಣುತ್ತದೆ. ಅದೇ ಸಂಬಳವನ್ನು ದಿನಗಳ ಲೆಕ್ಕದಲ್ಲಿ ಹಂಚಿ ಬರೆದರೆ, ಲಾಭದ್ದೆಂದುಕೊಂಡಿದ್ದ ಸಮ್ಮೇಳನದ ನಷ್ಟವನ್ನು ಅಲ್ಲಿಗೆ ಎಂದೂ ಹೋಗದ ಸದಸ್ಯರ ಶುಲ್ಕವೇ ತುಂಬಿಕೊಡುತ್ತಿದೆ ಎಂಬುದು ಹೊರಬೀಳಬಹುದು. ಆದ್ದರಿಂದ ನೀವು ಮೊದಲು ಕೇಳಬೇಕಾದದ್ದು ಆಡಳಿತಕ್ಕೆ ಇಷ್ಟೇಕೆ ಎಂದಲ್ಲ, ಸಂಬಳವನ್ನು ಯಾವ ಆಧಾರದ ಮೇಲೆ ಹಂಚಲಾಗಿದೆ ಎಂದು.

ನುಣುಪು ಕಾಗದದಲ್ಲಿ ಅಚ್ಚಾದ ವಾರ್ಷಿಕ ವರದಿಯಲ್ಲಿ ಇದಕ್ಕೆ ಉತ್ತರ ಸಿಗುವುದು ಅಪರೂಪ. ಅಲ್ಲಿ ಪದಾಧಿಕಾರಿಗಳ ಭಾವಚಿತ್ರಗಳಿಗೆ ಸಿಕ್ಕಷ್ಟು ಜಾಗ ಲೆಕ್ಕಕ್ಕೆ ಸಿಕ್ಕಿರುವುದಿಲ್ಲ. ಲೆಕ್ಕಪರಿಶೋಧಕರು ಸಹಿ ಮಾಡಿದ ಆದಾಯ-ವೆಚ್ಚ ಪಟ್ಟಿಯನ್ನೂ ಅದರ ಹಿಂದಿನ ಟಿಪ್ಪಣಿಗಳನ್ನೂ ತರಿಸಿಕೊಳ್ಳಿ. ಟಿಪ್ಪಣಿಗಳಲ್ಲಿ ಸಭಾ ವೆಚ್ಚ, ಪ್ರಯಾಣ ವೆಚ್ಚ ಮತ್ತು ‘ಇತರೆ’ ಎಂಬ ಮೂರು ಶೀರ್ಷಿಕೆಗಳನ್ನು ಹಿಂದಿನ ಎರಡು ವರ್ಷಗಳ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ಸಮಿತಿಯ ಸದಸ್ಯರು ಸಂಬಳವಿಲ್ಲದೆ ದುಡಿಯುವ ಸಂಘಗಳಲ್ಲಿ ಸಡಿಲವಾದ ಖರ್ಚು ಸೇರಿಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ‘ಇತರೆ’ ಎಂಬುದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ ಅದನ್ನು ಬಿಡಿಸಿ ತೋರಿಸುವಂತೆ ಕೇಳಿ.

ಕೇಳುವ ಕ್ರಮವೂ ಮುಖ್ಯ. ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಕೇಳಿದರೆ ಖಜಾಂಚಿ ‘ನೋಡಿ ಹೇಳುತ್ತೇವೆ’ ಎನ್ನುತ್ತಾರೆ, ಅಷ್ಟರಲ್ಲಿ ಲೆಕ್ಕಪತ್ರ ಅಂಗೀಕಾರವಾಗಿ ಹೋಗಿರುತ್ತದೆ. ಸಭೆಯ ಸೂಚನಾಪತ್ರ ಬಂದ ಕೂಡಲೇ ಲಿಖಿತವಾಗಿ ಪ್ರಶ್ನೆ ಕಳುಹಿಸಿ, ಉತ್ತರವನ್ನು ನಡಾವಳಿಯಲ್ಲಿ ದಾಖಲಿಸುವಂತೆ ಕೋರಿ. ಲೆಕ್ಕದ ಪುಸ್ತಕಗಳನ್ನು ನೋಡಲು ಸದಸ್ಯರಿಗೆ ಎಷ್ಟು ಅವಕಾಶವಿದೆ ಎಂಬುದನ್ನು ಸಂಘದ ಬೈಲಾದಲ್ಲಿ ಮೊದಲೇ ಓದಿಕೊಂಡಿರಿ.

ಪತ್ರಿಕೆಯೊಂದೇ ಸಿಗುತ್ತದೆ ಎಂದಿದ್ದೀರಿ. ಈ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ವೃತ್ತಿಯ ಮಾನದಂಡಗಳನ್ನು ರೂಪಿಸುವುದು, ಶಿಸ್ತು ಸಮಿತಿಯನ್ನು ನಡೆಸುವುದು, ಹೊಸ ನಿಯಮಗಳ ಬಗ್ಗೆ ಸರ್ಕಾರದೊಡನೆ ಮಾತಾಡುವುದು, ಇವೆಲ್ಲ ಮನೆಬಾಗಿಲಿಗೆ ಅಂಚೆಯಲ್ಲಿ ಬರುವಂಥವಲ್ಲ. ಹಾಗೆಂದು ಯಾವುದಕ್ಕಾದರೂ ಖರ್ಚು ಮಾಡಬಹುದೆಂದಲ್ಲ. ಸದಸ್ಯತ್ವ ಕಡ್ಡಾಯವಾಗಿರುವ ಕಡೆ ಈ ಪ್ರಶ್ನೆ ನ್ಯಾಯಾಲಯದವರೆಗೂ ಹೋಗಿದೆ: ಕ್ಯಾಲಿಫೋರ್ನಿಯಾದ ವಕೀಲರ ಸಂಘದ ಮೇಲೆ ಕೆಲವು ಸದಸ್ಯರು ಹೂಡಿದ್ದ ಕೆಲ್ಲರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1990ರಲ್ಲಿ, ಕಡ್ಡಾಯ ಶುಲ್ಕವನ್ನು ವೃತ್ತಿಯ ನಿಯಂತ್ರಣಕ್ಕೂ ಕಾನೂನು ಸೇವೆಯ ಗುಣಮಟ್ಟ ಸುಧಾರಣೆಗೂ ಬಳಸಬಹುದು, ಅದಕ್ಕೆ ಸಂಬಂಧಿಸದ ರಾಜಕೀಯ ಅಥವಾ ಸೈದ್ಧಾಂತಿಕ ಕಾರ್ಯಗಳಿಗೆ ಒಪ್ಪದ ಸದಸ್ಯರ ಹಣವನ್ನು ಬಳಸುವಂತಿಲ್ಲ ಎಂದು ಹೇಳಿತು. ನಿಮ್ಮದು ಸ್ವಇಚ್ಛೆಯ ಸದಸ್ಯತ್ವವಾಗಿದ್ದರೆ ಆ ತೀರ್ಪು ನಿಮಗೆ ನೇರವಾಗಿ ಒದಗದು, ಆದರೆ ಯಾವ ಖರ್ಚು ವೃತ್ತಿಗೆ ಸಂಬಂಧಿಸಿದ್ದು ಎಂದು ಕೇಳಲು ಅದೊಂದು ಒಳ್ಳೆಯ ಅಳತೆಗೋಲು.

ಪ್ರಶ್ನೆ: ನಮ್ಮ ಸಂಘ ಆಜೀವ ಸದಸ್ಯತ್ವಕ್ಕೆ ರಿಯಾಯಿತಿ ಘೋಷಿಸಿ ಒಂದೇ ವರ್ಷದಲ್ಲಿ ಭಾರಿ ಮೊತ್ತ ಸಂಗ್ರಹಿಸಿ, ‘ಉಳಿತಾಯದ ಆಯವ್ಯಯ’ ಎಂದು ಹೇಳಿಕೊಂಡಿದೆ. ಇದು ಸರಿಯೇ?

ಉತ್ತರ: ಸರಿಯಲ್ಲ. ಆಜೀವ ಸದಸ್ಯರು ಮುಂದೆ ಶುಲ್ಕ ಕಟ್ಟುವುದಿಲ್ಲ, ಆದರೆ ಅವರಿಗೆ ಪತ್ರಿಕೆ ಕಳುಹಿಸುವ ಖರ್ಚು ದಶಕಗಳ ಕಾಲ ಇದ್ದೇ ಇರುತ್ತದೆ. ಆ ಹಣವನ್ನು ಪ್ರತ್ಯೇಕ ನಿಧಿಯಲ್ಲಿಟ್ಟು ಅದರ ಬಡ್ಡಿಯನ್ನಷ್ಟೇ ಬಳಸಬೇಕು, ಇಲ್ಲವೇ ವರ್ಷಕ್ಕಿಷ್ಟು ಎಂದು ಹಂಚಿ ಆದಾಯಕ್ಕೆ ತೆಗೆದುಕೊಳ್ಳಬೇಕು. ಎಲ್ಲವನ್ನೂ ಬಂದ ವರ್ಷದ ಆದಾಯವೆಂದು ಬರೆದು ಖರ್ಚು ಮಾಡಿದರೆ, ಆ ಸದಸ್ಯರ ಪತ್ರಿಕೆಯ ವೆಚ್ಚವನ್ನು ಮುಂದೆ ಹೊರಬೇಕಾದವರು ಹೊಸದಾಗಿ ಸೇರುವ ಕಿರಿಯರು. ಆಸ್ತಿ-ಹೊಣೆ ಪಟ್ಟಿಯ ಹೊಣೆಗಾರಿಕೆಯ ಬದಿಯಲ್ಲಿ ‘ಆಜೀವ ಸದಸ್ಯತ್ವ ನಿಧಿ’ ಎಂಬ ಶೀರ್ಷಿಕೆ ಇದೆಯೇ, ಅಷ್ಟೇ ಮೊತ್ತದ ಠೇವಣಿ ಎದುರು ಬದಿಯಲ್ಲಿದೆಯೇ ಎಂದು ನೋಡಿ.