ಊಟಿಯೊಳಗ ವ್ಯಾಲಿ ವ್ಯೂ ಬಿಡ್ರಿ, ಪಾವಟಿಗಿ ಎಷ್ಟದಾವ ಅಂತ ಮೊದಲ ಕೇಳ್ರಿ

ಹುಬ್ಬಳ್ಳಿಯಿಂದ ವಯಸ್ಸಾದ ಅವ್ವ-ಅಪ್ಪನ್ನ ಕರ್ಕೊಂಡು ಡಿಸೆಂಬರದಾಗ ಊಟಿಗೆ ಹೊಂಟೀರಿ, ಮೂರು ಸಾವಿರದೊಳಗ ವ್ಯಾಲಿ ವ್ಯೂ ರೂಮ್ ಯಾವ ಹೋಟೆಲ್‌ದಾಗ ಸಿಗ್ತೈತಿ, ಇಲ್ಲಾ ಹೋಂಸ್ಟೇ ಚೊಲೊನೋ ಅಂತ ಕೇಳೀರಿ. ನಾನೂ ಥೇಟ್ ಇದನ್ನ ಹುಡಿಕ್ಯಾಡಿ ಬುಕ್ ಮಾಡಿದಾಂವ, ಅದೂ ಡಿಸೆಂಬರದಾಗನ, ಅದೂ ನಮ್ಮವ್ವ-ಅಪ್ಪಾರ್ನ ಕರ್ಕೊಂಡು. ಅದಕ್ಕ ಕೇಳ್ರಿಲ್ಲೆ.

ಹೋಟೆಲ್ ಹೆಸರು ಹೇಳೂದಿಲ್ಲ. ಆ್ಯಪ್‌ನ್ಯಾಗ ಫೋಟೊ ನೋಡಿದ್ನಿ: ದೊಡ್ಡ ಕಿಡಕಿ, ಆಚೆ ಮಂಜು, ಚಾ ತೋಟ, ಕಿಡಕಿ ಕಟ್ಟಿ ಮ್ಯಾಲೆ ಎರಡು ಕಪ್ಪು. ಅಷ್ಟ ನೋಡಿ ರೊಕ್ಕ ಹಾಕಿಬಿಟ್ಟೆ, ಕ್ಯಾನ್ಸಲ್ ಮಾಡಿದ್ರ ವಾಪಸ್ ಬರೂದಿಲ್ಲ ಅನ್ನೂ ರೇಟಿನ್ಯಾಗ, ಯಾಕಂದ್ರ ಅದು ಸ್ವಲ್ಪ ಅಗ್ಗ ಇತ್ತು. ನಮ್ಮವ್ವಗ ಮಣಕಾಲ ಬ್ಯಾನಿ, ಧಾರವಾಡದ ನಮ್ಮ ಮನಿಯೊಳಗ ಅಕಿ ಮಾಳಿಗಿ ಹತ್ತೂದ ಬಿಟ್ಟಾಳ. ಹಿಂಗಾಗಿ ಭಾಳ ಶಾಣ್ಯಾತನ ಮಾಡಿ ಹೋಟೆಲ್‌ಗೆ ಫೋನ್ ಹಚ್ಚಿ ‘ವಯಸ್ಸಾದೋರು ಅದಾರ್ರಿ, ನಮಗ ಗ್ರೌಂಡ್ ಫ್ಲೋರ್ ರೂಮ ಬೇಕು’ ಅಂದೆ. ಆ ಕಡಿಂದ ‘ಓಕೆ ಸಾರ್, ಗ್ರೌಂಡ್ ಫ್ಲೋರ್, ವ್ಯಾಲಿ ವ್ಯೂ, ಕನ್ಫರ್ಮ್’ ಅಂದ್ರು. ಎರಡೂ ಒಂದ ರೂಮಿನ್ಯಾಗ ಸಿಕ್ತಲ್ಲ ಅಂತ ನಾ ಮನಿ ಮಂದಿಗೆಲ್ಲಾ ಹೇಳ್ಕೊಂಡು ಅಡ್ಡ್ಯಾಡಿದ್ನಿ.

ಇಲ್ಲೇ ಸ್ವಲ್ಪ ಬಿಡಿಸಿ ಹೇಳ್ತೀನಿ, ಬ್ಯಾಸರಾದ್ರೂ ಓದ್ರಿ, ಯಾಕಂದ್ರ ನಮ್ಮ ಬಯಲುಸೀಮೆ ಮಂದಿ ತಲ್ಯಾಗ ಇದು ಬರೂದ ಇಲ್ಲ. ಹುಬ್ಬಳ್ಳಿಯೊಳಗ ಕೆಳಗಿನ ರೂಮ್ ಅಂದ್ರ ರೋಡಿನಿಂದ ಒಂದೆರಡು ಪಾವಟಿಗಿ, ಒಳಗ ಕಾಲಿಟ್ರ ಮುಗೀತು. ಗುಡ್ಡದಾಗ ರೋಡನ್ನ ಗುಡ್ಡದ ಮಗ್ಗಲು ಕೊರೆದು ಮಾಡಿರ್ತಾರ, ಒಂದು ಕಡಿ ಗುಡ್ಡ ಮ್ಯಾಲೆ ಏರಿರ್ತೈತಿ, ಇನ್ನೊಂದು ಕಡಿ ತಗ್ಗು. ವ್ಯಾಲಿ ಕಾಣೂ ಹೋಟೆಲ್ ಅಂದಮ್ಯಾಲೆ ತಗ್ಗಿನ ಕಡೀನ ಇರಬೇಕಲ್ಲ, ಅದಕ್ಕ ಅದರ ಬುಡ ರೋಡಿಗಿಂತ ಎಷ್ಟೋ ಕೆಳಗಿರ್ತೈತಿ, ಅಲ್ಲಿಂದ ಕಂಬ ಎಬ್ಬಿಸಿ ಮಾಳಿಗಿ ಮ್ಯಾಲೆ ಮಾಳಿಗಿ ಕಟ್ಟಿಕೋತ ಬಂದು ಕಡೀ ಮಾಳಿಗಿ ರೋಡಿಗೆ ಸಮ ಮಾಡ್ತಾರ, ರಿಸೆಪ್ಷನ್ ಅಲ್ಲಿರ್ತೈತಿ. ಫ್ಲೋರ್ ಎಣಿಸೂದು ಮಾತ್ರ ಬುಡದಿಂದ. ಅಂದ್ರ ಮೂರನೇ ಫ್ಲೋರಿನ ರೂಮಿಗೆ ಕಾರ್ ಇಳಿದು ಸೀದಾ ನಡಕೊಂಡು ಹೋಗಬಹುದು, ಗ್ರೌಂಡ್ ಫ್ಲೋರಿಗೆ ಮೂರು ಮಾಳಿಗಿ ಇಳೀಬೇಕು. ಎಲ್ಲಾ ಹೋಟೆಲ್ ಹಿಂಗ ಅಂತಲ್ಲ, ಆದ್ರ ಇಳಿಜಾರಿನ್ಯಾಗ ಕಟ್ಟಿದ್ದು ಭಾಳಷ್ಟು ಹಿಂಗ. ನಾ ಅವ್ವನ ಮಣಕಾಲ ಸಲುವಾಗಿ ಬೇಡಿ ಬೇಡಿ ಇಡೀ ಹೋಟೆಲ್‌ದಾಗ ಎಲ್ಲಾಕಿಂತ ಜಾಸ್ತಿ ಪಾವಟಿಗಿ ಇರೂ ರೂಮ್ ತಗೊಂಡಿದ್ನಿ! ಲಿಫ್ಟೂ ಇದ್ದಿದ್ದಿಲ್ಲ. ಅವರು ಸುಳ್ಳು ಹೇಳಿದ್ದಿಲ್ಲ, ಕೇಳಿದ್ದನ್ನ ಕೊಟ್ಟಿದ್ರು. ‘ಕಾರ್ ನಿಲ್ಲೂ ಜಾಗಾದಿಂದ ಹಾಸಿಗಿ ತನಕ ಎಷ್ಟು ಪಾವಟಿಗಿ, ಇಳಿಯೂದೋ ಹತ್ತೂದೋ’ ಅಂತ ಒಂದ ಮಾತು ಕೇಳಿದ್ರ ಅವತ್ತ ಫೋನಿನ್ಯಾಗ ಎಲ್ಲಾ ತಿಳೀತಿತ್ತು. ಪಾರ್ಕಿಂಗ್ ಕೇಳಿದ್ನಿ, ವೈಫೈ ಕೇಳಿದ್ನಿ, ನಾಷ್ಟಾದಾಗ ಇಡ್ಲಿ ಇರ್ತೈತೇನು ಅಂತೂ ಕೇಳಿದ್ನಿ, ಇದೊಂದು ಕೇಳಲಿಲ್ಲ.

ಮುಟ್ಟಿದಾಗ ಸಂಜಿ, ಜಿಟಿಜಿಟಿ ಮಳಿ. ರೂಮ್ ಬಾಯ್ ಸೂಟ್‌ಕೇಸ್ ಎತ್ಕೊಂಡು ರಿಸೆಪ್ಷನ್ ಹಿಂದಿನ ಬಾಗಲದಿಂದ ಇಳಿಯಾಕ ಹತ್ತಿದ. ನಾ ಬೆನ್ನ ಹಿಂದ ಹೋದೆ, ಒಂದು ತಿರುವು ಇಳಿದೆ, ಇನ್ನೊಂದು ಇಳಿದೆ, ಅಂವ ಇನ್ನೂ ಇಳೀತಾನ ಇದ್ದ. ಹೊರಗಿನ ಸಿಮೆಂಟ್ ಪಾವಟಿಗಿ, ಅಂಚಿಗೆಲ್ಲಾ ಹಸರು ಪಾಚಿ, ಹಿಡಕೊಳ್ಳಾಕ ಒಂದ ಮಗ್ಗಲಿಗೆ ಕಬ್ಬಿಣದ ಪೈಪು, ಅದು ಕೈ ಇಡಾಕ ಆಗಲಾರದಷ್ಟು ತಣ್ಣಗ. ಅವ್ವ ಎಡಗಾಲ ಕೆಳಗಿಡೂದು, ಬಲಗಾಲ ಅದರ ಮಗ್ಗಲಿಗೆ ತರೂದು, ನಿಂತು ಉಸಿರು ಬಿಡೂದು, ಹಿಂಗ ಒಂದೊಂದ ಇಳಿದ್ಲು. ಎರಡನೇ ತಿರುವಿನ್ಯಾಗ ಹಸೀ ಪಾವಟಿಗಿ ಮ್ಯಾಲೆ ಹಂಗ ಕುಂತುಬಿಟ್ಲು. ‘ಇಳಿಯೂದು ಹೆಂಗರ ಇಳೀತೇನಿ, ನಾಳೆ ಹತ್ತಸಾವ್ರು ಯಾರೋ?’ ಅಂದ್ಲು. ಅಪ್ಪಾರು ಏನೂ ಅನ್ನಲಿಲ್ಲ, ಛತ್ರಿ ಹಿಡಕೊಂಡು ನಿಂತಿದ್ರು, ಅದ ನನಗ ಹೆಚ್ಚು ಚುಚ್ಚಿತು.

ಮ್ಯಾಲಿನ ರೂಮ್ ಕೊಡ್ರಿ ಅಂತ ಜಗಳ ತಗದೆ. ಕ್ರಿಸ್‌ಮಸ್ ಹೊತ್ತು, ಎಲ್ಲಾ ಫುಲ್. ಬ್ಯಾರೆ ಕಡಿ ಹೋಗೂನಂದ್ರ ಕೊಟ್ಟ ರೊಕ್ಕ ಹೋತು, ಮ್ಯಾಲೆ ಆ ಮಳ್ಯಾಗ ಮತ್ತ ಅಷ್ಟೂ ಪಾವಟಿಗಿ ಅವ್ವನ್ನ ಹತ್ತಸಬೇಕು. ಸುಮ್ಮನಾದ್ವಿ.

ರೂಮ್ ಹೆಂಗಿತ್ತಂದ್ರ, ಹಿಂದಿನ ಗ್ವಾಡಿ ಗುಡ್ಡದ ಮಣ್ಣಿಗೆ ಹತ್ತಿಕೊಂಡಿತ್ತು, ಮೂಲ್ಯಾಗ ಬೂಸ್ಟ್ ಹಿಡಿದು ಹಸೀ ವಾಸನಿ. ಚಾದರ ಮುಟ್ಟಿದ್ರ ಯಾರೋ ಈಗಷ್ಟ ನೀರು ಚಿಮುಕಿಸಿ ಹೋದಂಗ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 640 ಮೀಟರ್, ಊಟಿ 2240 ಮೀಟರ್, ಡಿಸೆಂಬರ್-ಜನವರಿಯೊಳಗ ಅಲ್ಲಿ ಮುಂಜಾನೆ ಹುಲ್ಲಿನ ಮ್ಯಾಲೆ ಬೆಳ್ಳಗ ಇಬ್ಬನಿ ಹೆಪ್ಪುಗಟ್ಟೂದೂ ಐತಿ. ಹೀಟರ್ ಬೇಕಂದ್ರ ರಾತ್ರಿ ಲೆಕ್ಕದಾಗ ಬ್ಯಾರೆ ಬಾಡಗಿ. ಬಿಸ್ನೀರು ಮುಂಜಾನೆ ಆರೂವರಿಯಿಂದ ಒಂಬತ್ತರ ತನಕ ಅಷ್ಟ. ಅಡಗಿಮನಿ ಮ್ಯಾಲೆ, ನಾವು ಕೆಳಗ, ಚಾ ಬರೂದ್ರೊಳಗ ಮ್ಯಾಲೆ ಕೆನಿ ಕಟ್ಟಿರ್ತಿತ್ತು.

ಇನ್ನ ಆ ವ್ಯೂ. ಕಿಡಕಿ ದೊಡ್ಡದ ಇತ್ತು, ಸುಳ್ಳಲ್ಲ, ಆದ್ರ ಬಿಳೀ ಮಂಜು ಬಿಟ್ಟು ಏನೂ ಕಾಣ್ತಿದ್ದಿಲ್ಲ. ಒಂದ ದಿನ ಮುಂಜಾನೆ ಪೂರಾ ತೆರೀತು, ಚಾ ತೋಟ, ಕೆಳಗಿನ ಮನಿ, ಎಲ್ಲಾ ಕಂಡು, ಆಗ ಅಪ್ಪಾರು ಬಿಸ್ನೀರು ನಿಲ್ಲೂದ್ರೊಳಗ ಜಳಕಾ ಮುಗಸಬೇಕಂತ ಬಚ್ಚಲದಾಗಿದ್ರು. ಹೊರಗ ಬರೂದ್ರೊಳಗ ಮತ್ತ ಮುಚ್ಚಿತ್ತು.

ಆ ರೂಮ್ ಬಾಯ್ ಮಾತ್ರ ಬಂಗಾರದಂಥಾ ಹುಡುಗ, ಗುಂಡ್ಲುಪೇಟೆ ಕಡ್ಯಾಂವ. ನಾವು ಕೇಳಲಾರದ ಪ್ರತೀ ತಿರುವಿನ್ಯಾಗ ಒಂದೊಂದ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟ. ಅವ್ವ ಒಂದು ತಿರುವು ಹತ್ತಿ ಕೂಡೂದು, ಮತ್ತೊಂದು ಹತ್ತಿ ಕೂಡೂದು. ಅಂವ ಮ್ಯಾಲಿಂದ ‘ನಿಧಾನಕ್ಕೆ ಬನ್ನಿ ಅಜ್ಜಿ’ ಅಂದ್ರ ಈಕಿ ‘ಬರಾಕತ್ತೇನೋ ತಮ್ಮಾ, ಗಡಬಡ ಮಾಡಬ್ಯಾಡ’. ಹಂಗ ಹತ್ತಿದ್ದು ಕೂನೂರಿನ ಸಣ್ಣ ರೈಲಿಗೆ ಹೋದ ದಿನ ಅಷ್ಟ. ಉಳಿದ ಹೊತ್ತು ರೂಮಿನ್ಯಾಗ ಕೌದಿ ಹೊಚ್ಚಿಕೊಂಡು ಮನಿಂದ ಒಯ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಿನ್ಕೋತ ಕುಂತ್ಲು, 1848ರ ಬೊಟಾನಿಕಲ್ ಗಾರ್ಡನ್ ಊರಾಗ ಇದ್ರೂ ಅಕಿ ನೋಡಲಿಲ್ಲ.

ಹಿಂಗಾಗಿ ನಿಮ್ಮ ಪ್ರಶ್ನೆನ ನನಗ ಸರಿ ಅನ್ಸೂದಿಲ್ರಿ. ರೂಮಿಂದ ವ್ಯೂ ಯಾಕ ಬೇಕು? ಹಗಲೆಲ್ಲಾ ಹೊರಗಿರ್ತೀರಿ, ಸಂಜಿ ಆರಕ್ಕ ಕತ್ತಲಿ. ವ್ಯೂ ನೋಡೂದಾದ್ರ ದೊಡ್ಡಬೆಟ್ಟಕ್ಕ ಹೋಗ್ರಿ, 2637 ಮೀಟರ್, ಗಾಡಿ ತುದಿ ಹತ್ರ ತನಕ ಹೋಗ್ತೈತಿ. ಅದಕ್ಕಿಂತ ಚೊಲೊ ಅಂದ್ರ ಊಟಿಯಿಂದ ಕೂನೂರಿಗೆ ಆ ಸಣ್ಣ ರೈಲು. 1908ರಾಗ ಊಟಿ ತನಕ ಬಂದ ಲೈನು, 2005ರಾಗ ಯುನೆಸ್ಕೋ ಪಟ್ಟಿಗೆ ಸೇರೇತಿ. ಲವ್‌ಡೇಲ್, ಕೇತಿ, ಅರವಂಕಾಡು, ವೆಲಿಂಗ್ಟನ್ ದಾಟಿಕೋತ ಹೋಗೂವಾಗ ಕೇತಿ ಕಣಿವಿ ಕಿಡಕಿ ತುಂಬ ಕಾಣ್ತೈತಿ, ವಯಸ್ಸಾದೋರಿಗೆ ಕುಂತಲ್ಲೇ ಎಲ್ಲಾ ಸಿಗ್ತೈತಿ. ನಮ್ಮವ್ವ ಆ ರೈಲಿನ್ಯಾಗ ನಕ್ಕಿದ್ದಕ್ಕ ನನ್ನ ಟ್ರಿಪ್ ಉಳೀತು. ಟಿಕೆಟ್ ಮಾತ್ರ ಐಆರ್‌ಸಿಟಿಸಿಯೊಳಗ ಮುಂಚೆನ ಮಾಡ್ರಿ, ಸ್ಟೇಷನ್‌ಗೆ ಹೋಗಿ ನೋಡೂನು ಅನ್ನಬ್ಯಾಡ್ರಿ.

ಹೋಂಸ್ಟೇನೋ ಹೋಟೆಲ್ಲೋ ಅಂತ ತಲಿ ಕೆಡಿಸ್ಕೋಬ್ಯಾಡ್ರಿ, ಪಾವಟಿಗಿ ಎರಡಕ್ಕೂ ಇರ್ತಾವ. ಯಾವುದ ಆಗ್ಲಿ, ಗೇಟಿನಿಂದ ರೂಮಿನ ತನಕ ನಡಕೊಂಡು ಹೋಗೂ ಒಂದು ವಿಡಿಯೋ ವಾಟ್ಸಾಪ್ ಮಾಡ್ರಿ ಅಂತ ಕೇಳ್ರಿ. ಕಳಸ್ಲಿಲ್ಲಂದ್ರ ಬಿಟ್ಟುಬಿಡ್ರಿ. ಬಿಸ್ನೀರು ಎಷ್ಟರಿಂದ ಎಷ್ಟು, ಹೀಟರ್ ರೊಕ್ಕ ಒಳಗೋ ಹೊರಗೋ, ಇಷ್ಟ ಕೇಳ್ರಿ ಸಾಕು. ರಿವ್ಯೂ ಓದೂವಾಗ ಬರದೋರು ಯಾರಂತ ನೋಡ್ರಿ, ಹನಿಮೂನಿಗೆ ಹೋದ ಜೋಡಿ ಪಾವಟಿಗಿ ಎಣಿಸೂದಿಲ್ಲ. ‘ಸ್ಟೆಪ್ಸ್’, ‘ಪೇರೆಂಟ್ಸ್’ ಅಂತ ಹೊಡೆದು ಹುಡಿಕ್ರಿ, ಖರೇ ಮಾತು ಅಲ್ಲಿರ್ತಾವ. ಮೂರು ಸಾವಿರಕ್ಕ ಕ್ರಿಸ್‌ಮಸ್ ವಾರದಾಗ ಒದ್ದಾಡೂಕಿಂತ ಸಂಕ್ರಾಂತಿ ರಜಾ ಮುಗಿದಮ್ಯಾಲೆ ಹೋಗ್ರಿ. ಥಂಡಿ ತಡಿಯೂದಿಲ್ಲಂದ್ರ ಕೂನೂರಿನ್ಯಾಗ ಇಳ್ಕೊರಿ, ಅದು 1850 ಮೀಟರ್ ಅಷ್ಟ, ರೈಲಿನ್ಯಾಗ ಊಟಿಗೆ ಬಂದು ಹೋಗಬಹುದು.

ದಾರಿದು: ಹುಬ್ಬಳ್ಳಿಯಿಂದ ಒಂದ ದಮ್ಮಿಗೆ ಕಾರ್ ಹೊಡೀಬ್ಯಾಡ್ರಿ. ಬಂಡೀಪುರ ಕಾಡಿನ ರೋಡು ರಾತ್ರಿ 9ರಿಂದ ಮುಂಜಾನೆ 6ರ ತನಕ ಬಂದ್, ತಡಾ ಆದ್ರ ಗೇಟಿನ್ಯಾಗ ರಾತ್ರಿ ಕಳೀಬೇಕು. ಮೈಸೂರಾಗ ಒಂದು ರಾತ್ರಿ ಮಲಗಿ ಮುಂಜಾನೆ ಬಿಡ್ರಿ. ಅದರಾಚೆ ಮುದುಮಲೈ ಕಾಡು ದಾಟೂವಾಗ ತೆಪ್ಪಕಾಡಿನ್ಯಾಗ ಎಡಕ್ಕ ಮಸಿನಗುಡಿ ದಾರಿ ಗಿಡ್ಡ ಅಂತ ಮ್ಯಾಪ್ ತೋರಸ್ತೈತಿ, ಅದು 36 ಹೇರ್‌ಪಿನ್ ತಿರುವಿನ ಕಲ್ಹಟ್ಟಿ ಘಾಟ್, ವಯಸ್ಸಾದೋರಿಗೆ ವಾಂತಿ ಗ್ಯಾರಂಟಿ, ಗೂಡಲೂರು ಮ್ಯಾಲೆ ಹೋಗ್ರಿ. 2024ರ ಮೇ ತಿಂಗಳಿಂದ ಊಟಿಗೆ ಬರೂ ಸ್ವಂತ ಗಾಡಿಗೆ ಇ-ಪಾಸ್ ಮಾಡ್ಯಾರ, ಆನ್‌ಲೈನ್‌ದಾಗ ಮನ್ಯಾಗ ಕುಂತ ತಗೀರಿ. ನೀರಿಗೆ ಸ್ಟೀಲ್ ಬಾಟ್ಲಿ ಒಯ್ರಿ, ಬಿಸ್ಲೆರಿ ಬಾಟ್ಲಿ ಚೆಕ್‌ಪೋಸ್ಟಿನ್ಯಾಗ ಕಸ್ಕೋತಾರ, ನೀಲಗಿರಿ ಜಿಲ್ಲಾದಾಗ ಅವು ಬಂದ್ ಅದಾವ.

ಆಮ್ಯಾಲೆ ರೂಮಿನ್ಯಾಗ ಫ್ಯಾನ್ ಇರೂದಿಲ್ಲ, ಮನಿಯೋರಿಗೆ ಮೊದಲ ಹೇಳಿಡ್ರಿ. ನಮ್ಮ ಅಪ್ಪಾರು ಫ್ಯಾನಿನ ಸಪ್ಪಳ ಇಲ್ಲಂದ್ರ ನಿದ್ದಿ ಬರೂದಿಲ್ಲಂತ ಅರ್ಧ ರಾತ್ರ್ಯಾಗ ರಿಸೆಪ್ಷನ್‌ಗೆ ಫೋನ್ ಹಚ್ಚಿದ್ರು.