ಕಪ್ಪು-ಬಿಳುಪು ಫೋಟೊದಲ್ಲಿ ಹಸಿರು, ಗುಲಾಬಿ ಛಾಯೆ ಏಕೆ?

ಪ್ರಶ್ನೆ: ಇಂಕ್‌ಜೆಟ್‌ನಲ್ಲಿ ತೆಗೆದ ಕಪ್ಪು-ಬಿಳುಪು ಪ್ರಿಂಟ್ ಹಗಲು ಬೆಳಕಿನಲ್ಲಿ ತುಸು ಹಸಿರಾಗಿ, ರಾತ್ರಿ ದೀಪದಡಿ ಗುಲಾಬಿಯಾಗಿ ಕಾಣುತ್ತದೆ. ನೆರಳಿನ ಭಾಗವಂತೂ ಬರೀ ಮಸಿ. ಬಳಸುವುದು ಮ್ಯಾಟ್ ಕಾಗದ. ಮೂರು ಸಲ ಹೆಡ್ ಕ್ಲೀನಿಂಗ್ ಮಾಡಿದರೂ ಸರಿಹೋಗಲಿಲ್ಲ.

ಉತ್ತರ: ಮೊದಲು ಕ್ಲೀನಿಂಗ್ ನಿಲ್ಲಿಸಿ, ಸುಮ್ಮನೆ ಇಂಕ್ ಖರ್ಚಾಗುತ್ತದೆ. ನಾಜಲ್ ಚೆಕ್ ಹಾಳೆಯಲ್ಲಿ (ಇಂಕ್ ರಂಧ್ರಗಳ ಪರೀಕ್ಷಾ ಪ್ರಿಂಟ್) ಗೆರೆಗಳು ಎಲ್ಲೂ ತುಂಡಾಗಿರದಿದ್ದರೆ ಹೆಡ್ ಕಟ್ಟಿಕೊಂಡಿಲ್ಲ ಎಂದೇ ಅರ್ಥ.

ಬೆಳಕು ಬದಲಾದಂತೆ ಛಾಯೆಯೂ ಬದಲಾಗುತ್ತಿದೆ ಎಂದಿರಿ. ದೋಷದ ಸುಳಿವು ಅಲ್ಲೇ ಇದೆ. ಪ್ರಿಂಟರ್ ಬೂದು ಬಣ್ಣವನ್ನು ಸಯಾನ್, ಮಜೆಂಟಾ, ಹಳದಿ ಬೆರೆಸಿ ಮಾಡುತ್ತಿದೆ. ಆ ಮಿಶ್ರಣ ಎಲ್ಲ ಬೆಳಕಿನಲ್ಲೂ ಒಂದೇ ಥರ ಕಾಣುವುದಿಲ್ಲ. ಇದಕ್ಕೆ ಮೆಟಾಮೆರಿಸಂ ಎನ್ನುತ್ತಾರೆ. ಬೂದು ಇಂಕ್ ಇರುವ ಪ್ರಿಂಟರ್ ಆದರೆ ಡ್ರೈವರ್‌ನಲ್ಲಿ (ಕಂಪ್ಯೂಟರ್‌ನಲ್ಲಿರುವ ಪ್ರಿಂಟರ್ ಸಾಫ್ಟ್‌ವೇರ್) ಕಪ್ಪು-ಬಿಳುಪು ಮೋಡ್ ಆರಿಸಿ. ಎಪ್ಸನ್‌ನಲ್ಲಿ ಅದು 'ಅಡ್ವಾನ್ಸ್ಡ್ ಬಿ&ಡಬ್ಲ್ಯು ಫೋಟೊ'. ಆಗ ಕಪ್ಪು, ಬೂದು ಇಂಕ್‌ಗಳೇ ಹೆಚ್ಚು ಕೆಲಸ ಮಾಡುತ್ತವೆ, ಬಣ್ಣ ಬೀಳುವುದು ಟೋನ್‌ಗೆ ಬೇಕಾದಷ್ಟೇ. ನಾಲ್ಕೇ ಇಂಕ್‌ನ ಪ್ರಿಂಟರ್‌ನಲ್ಲಿ ಛಾಯೆ ಪೂರ್ತಿ ಹೋಗುವುದಿಲ್ಲ.

ಯಾವ ಬೆಳಕಿನಲ್ಲಿ ನೋಡಿದರೂ ಒಂದೇ ಛಾಯೆ ಇದ್ದಿದ್ದರೆ ಮಾತು ಬೇರೆ. ಆಗ ಫೋಟೊಶಾಪ್ ಮತ್ತು ಡ್ರೈವರ್ ಎರಡೂ ಬಣ್ಣ ತಿದ್ದುತ್ತಿವೆಯೇ ನೋಡಬೇಕು. ಫೋಟೊಶಾಪ್‌ನಲ್ಲಿ ಪ್ರೊಫೈಲ್ (ಆ ಕಾಗದ, ಇಂಕ್‌ಗೆ ಬಣ್ಣ ಹೊಂದಿಸುವ ಫೈಲ್) ಹಾಕಿ ಪ್ರಿಂಟ್ ತೆಗೆಯುವಾಗ ಡ್ರೈವರ್‌ನ ಬಣ್ಣ ತಿದ್ದುವಿಕೆ ಆಫ್ ಆಗಿರಬೇಕು.

ಇನ್ನು ನೆರಳಿನ ವಿಷಯ. ಮ್ಯಾಟ್ ಕಾಗದಕ್ಕೆ ಗ್ಲಾಸಿ ಸೆಟ್ಟಿಂಗ್ ಕೊಟ್ಟರೆ ಫೋಟೊ ಬ್ಲ್ಯಾಕ್ ಇಂಕ್ ಬೀಳುತ್ತದೆ, ಅಳತೆಯೂ ತಪ್ಪುತ್ತದೆ. ಕಪ್ಪು ಗಾಢವಾಗುವುದಿಲ್ಲ, ವಿವರವೂ ಮುಚ್ಚಿಹೋಗುತ್ತದೆ. ಮೀಡಿಯಾ ಟೈಪ್ ಮ್ಯಾಟ್ ಮಾಡಿ, ಮ್ಯಾಟ್ ಬ್ಲ್ಯಾಕ್ ಇದ್ದರೆ ಅದನ್ನೇ ಬಳಸಿ. ಆದರೂ ಮ್ಯಾಟ್‌ನ ಅತಿ ಗಾಢ ಕಪ್ಪಿನ ಸಾಂದ್ರತೆ (ಅಂಕಿ ಹೆಚ್ಚಿದಷ್ಟೂ ಕಪ್ಪು ಗಾಢ) ಸಾಮಾನ್ಯವಾಗಿ 1.6ರ ಆಸುಪಾಸು, ಒಳ್ಳೆಯ ಗ್ಲಾಸಿಯಲ್ಲಿ 2.2 ದಾಟುತ್ತದೆ. ಹಾಗಾಗಿ ಕಡು ನೆರಳಿನ ಮೆಟ್ಟಿಲುಗಳು (ಬೂದಿನ ಹಂತಗಳು) ಒತ್ತೊತ್ತಾಗಿ ಬೀಳುವುದು ಸಹಜ. ಇಲ್ಲೇ ಕ್ಯಾಲಿಬ್ರೇಷನ್, ಅಂದರೆ ಪ್ರಿಂಟ್ ನೋಡಿ ಟೋನ್ ಹೊಂದಿಸುವುದು, ಬೇಕಾಗುವುದು.

ಶೇ 0ರಿಂದ (ಬಿಳಿ) 100ರವರೆಗೆ (ಪೂರ್ತಿ ಕಪ್ಪು) 5ರ ಅಂತರದಲ್ಲಿ 21 ಮೆಟ್ಟಿಲಿನ ಬೂದು ಪಟ್ಟಿ ಮಾಡಿ, ಫೋಟೊಗೆ ಬಳಸುವ ಸೆಟ್ಟಿಂಗ್‌ನಲ್ಲೇ ಪ್ರಿಂಟ್ ತೆಗೆಯಿರಿ. ಒಂದು ದಿನ ಒಣಗಲು ಬಿಡಿ. ಹಸಿ ಇಂಕ್ ನೋಡಿ ತೀರ್ಮಾನಿಸಿದರೆ ಕೆಲಸ ಕೆಡುತ್ತದೆ. ಆಮೇಲೆ ಕಿಟಕಿ ಬೆಳಕಿನಲ್ಲಿ ಹಿಡಿದು, 90, 95, 100 ಬೇರೆ ಬೇರೆಯಾಗಿ ಕಾಣುತ್ತವೆಯೇ ನೋಡಿ. ಮೂರೂ ಒಂದೇ ಆಗಿದ್ದರೆ ಫೋಟೊಶಾಪ್‌ನ ಕರ್ವ್ಸ್‌ನಲ್ಲಿ (ಟೋನ್ ತಿದ್ದುವ ಸಾಧನ) 95ನ್ನು 92ಕ್ಕೆ, 90ನ್ನು 86ಕ್ಕೆ ಇಳಿಸಿ. 100ನ್ನು ಮಾತ್ರ ಮುಟ್ಟಬೇಡಿ, ಅದು ಇಳಿದರೆ ಕಪ್ಪೇ ಬೂದಾಗುತ್ತದೆ. ಪಟ್ಟಿಯನ್ನು ಮತ್ತೆ ಪ್ರಿಂಟ್ ಮಾಡಿ ನೋಡಿ. ಹೊಂದಿದ ಮೇಲೆ ಆ ಕರ್ವ್‌ಗೆ ಕಾಗದದ ಹೆಸರಿಟ್ಟು ಉಳಿಸಿಕೊಳ್ಳಿ. ಮೂಲ ಫೈಲ್‌ಗಲ್ಲ, ಪ್ರಿಂಟ್ ಪ್ರತಿಗೆ ಮಾತ್ರ ಹಾಕಿ. ಕಾಗದ ಅಥವಾ ಇಂಕ್ ಬ್ರ್ಯಾಂಡ್ ಬದಲಿಸಿದರೆ ಈ ಕರ್ವ್ ನಡೆಯುವುದಿಲ್ಲ, ಹೊಸ ಪಟ್ಟಿಯೇ ಬೇಕು.