ಪಿನ್‌ಗೆ 1001 ಕೊಟ್ಟರೂ 32-ಬಿಟ್ ಲೈಬ್ರರಿ ಹಳೆಯ ಆವೃತ್ತಿಯಲ್ಲಿ ಏಕೆ ನಿಲ್ಲುತ್ತಿಲ್ಲ?

ಒಂದು ಪ್ಯಾಕೇಜನ್ನು ಇಂಥ ಆವೃತ್ತಿಯಲ್ಲೇ ಹಿಡಿದಿಡು ಎಂದು ಡೆಬಿಯನ್ ಲಿನಕ್ಸ್‌ನ ಪ್ಯಾಕೇಜ್ ನಿರ್ವಾಹಕ ಆಪ್ಟ್‌ಗೆ ಕೊಡುವ ಸೂಚನೆಯೇ ಪಿನ್. ಅದರ ಆದ್ಯತೆಯ ಸಂಖ್ಯೆಯಾಗಿ 1001ರ ಬದಲು ಎಷ್ಟು ಬರೆದರೆ ಐ386 (32-ಬಿಟ್) ಪ್ಯಾಕೇಜೂ ಹಳೆಯ ಆವೃತ್ತಿಯಲ್ಲೇ ನಿಂತೀತು ಎಂದು ಕೇಳಿದ್ದೀರಿ. ಎಷ್ಟು ಬರೆದರೂ ನಿಲ್ಲುವುದಿಲ್ಲ. ಇದೇ ಸಂಖ್ಯೆಯ ಹಿಂದೆ ಬಿದ್ದು ನಾನು ಒಂದಿಡೀ ಸಂಜೆಯನ್ನೂ ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸುವ, ಚೆನ್ನಾಗಿ ನಡೆಯುತ್ತಿದ್ದ ವೈನ್ ಅನ್ನೂ ಕಳೆದುಕೊಂಡಿದ್ದೇನೆ.

ನನ್ನದು ಡೆಬಿಯನ್ ಟೆಸ್ಟಿಂಗ್ ಹಾಕಿದ್ದ 64-ಬಿಟ್ ಯಂತ್ರ. ಹಳೆಯ ಲೆಕ್ಕಪತ್ರದ ವಿಂಡೋಸ್ ತಂತ್ರಾಂಶವೊಂದನ್ನು ವೈನ್ ಮೂಲಕ ನಡೆಸುವುದಕ್ಕಾಗಿ ಮಾತ್ರ ಐ386 ಆರ್ಕಿಟೆಕ್ಚರನ್ನು (ಪ್ರೊಸೆಸರ್ ಬಗೆಯನ್ನು) ಸೇರಿಸಿಕೊಂಡಿದ್ದೆ. ಅಕ್ಷರಗಳನ್ನು ಮೂಡಿಸುವ ಲೈಬ್ರರಿಯಾದ ಫ್ರೀಟೈಪ್‌ನ 2.13 ಆವೃತ್ತಿ ಬರಲಿದ್ದ ಹೊತ್ತಿನಲ್ಲಿ ಪುಟವಿನ್ಯಾಸ ಅರ್ಧ ಮುಗಿದಿದ್ದ ಪುಸ್ತಕವೊಂದು ಕೈಯಲ್ಲಿತ್ತು. ನಡುವೆ ಅಕ್ಷರಗಳ ಮೂಡಿಕೆ ಬದಲಾಗುವುದು ಬೇಡವೆಂದು ಆಪ್ಟ್‌ನ ಪ್ರಿಫರೆನ್ಸಸ್ ಕಡತದಲ್ಲಿ ಮೂರು ಸಾಲು ಬರೆದೆ: ಪ್ಯಾಕೇಜ್ ಲಿಬ್‌ಫ್ರೀಟೈಪ್6, ಆವೃತ್ತಿ 2.12.1, ಆದ್ಯತೆ 1001. ಆಪ್ಟ್-ಕ್ಯಾಶ್ ಪಾಲಿಸಿ ಆಜ್ಞೆ ಕೊಟ್ಟು ನೋಡಿದಾಗ ಇನ್‌ಸ್ಟಾಲ್ಡ್ (ಈಗಿರುವುದು), ಕ್ಯಾಂಡಿಡೇಟ್ (ಆಪ್ಟ್ ಹಾಕಲು ಆರಿಸಿಕೊಳ್ಳುವುದು) ಎರಡರ ಮುಂದೆಯೂ 2.12.1 ಎಂದೇ ಇತ್ತು. ಕೆಲವು ದಿನಗಳ ನಂತರ ಫುಲ್-ಅಪ್‌ಗ್ರೇಡ್ (ಬೇಕಾದರೆ ಕೆಲವನ್ನು ತೆಗೆದುಹಾಕಿಯೂ ಉಳಿದವನ್ನು ನವೀಕರಿಸುವ ಆಜ್ಞೆ) ಮಾಡಿದೆ; ತೆಗೆದುಹಾಕಲಾಗುವ ಪ್ಯಾಕೇಜ್‌ಗಳ ಪಟ್ಟಿಯನ್ನು ಓದದೆಯೇ ವೈ ಒತ್ತಿದೆ. 32-ಬಿಟ್ ಫ್ರೀಟೈಪ್ ಹೋಯಿತು, ಅದನ್ನು ನೆಚ್ಚಿಕೊಂಡಿದ್ದ 32-ಬಿಟ್ ವೈನ್ ಕೂಡ ಜೊತೆಗೇ ಹೋಯಿತು.

ಓದದೆ ಒತ್ತಿದ್ದು ತಪ್ಪೇ, ಆದರೆ ಮೂಲದ ತಪ್ಪು ಅದಲ್ಲ. ಪ್ಯಾಕೇಜ್ ಸಾಲಿನಲ್ಲಿ ಬರಿಯ ಹೆಸರು ಬರೆದರೆ ಆಪ್ಟ್ ಅದನ್ನು ಯಂತ್ರದ ಸ್ವಂತ ಆರ್ಕಿಟೆಕ್ಚರಿಗೆ, ಎಂದರೆ ನನ್ನಲ್ಲಿ 64-ಬಿಟ್‌ನ ಎಎಂಡಿ64ಕ್ಕೆ, ಮಾತ್ರ ಅನ್ವಯಿಸುತ್ತದೆ. ಐ386ರ ಪ್ಯಾಕೇಜಿಗೆ ನನ್ನ ಪಿನ್ ಇದ್ದೂ ಇಲ್ಲದಂತೆಯೇ. ಇನ್ನೂ ಕೆಟ್ಟದ್ದೆಂದರೆ, ಪರೀಕ್ಷಿಸಲು ನಾನು ಬಳಸಿದ ಪಾಲಿಸಿ ಆಜ್ಞೆಯೂ ಬರಿಯ ಹೆಸರಿಗೆ ಎಎಂಡಿ64ರ ಉತ್ತರವನ್ನೇ ಕೊಡುತ್ತದೆ. ಕಳ್ಳನನ್ನೇ ಸಾಕ್ಷಿಗೆ ಕರೆದಂತಾಯಿತು. ಹೆಸರಿನ ಕೊನೆಗೆ ಕೋಲನ್ ಹಾಕಿ ಎನಿ ಎಂದು (:any) ಬರೆದಿದ್ದರೆ ಪಿನ್ ಎರಡಕ್ಕೂ ತಗಲುತ್ತಿತ್ತು. ಪರೀಕ್ಷಿಸುವಾಗ ಕೋಲನ್ ಐ386 ಸೇರಿಸಿ ಕೇಳಿದ್ದರೆ ಕ್ಯಾಂಡಿಡೇಟ್ 2.13 ಎಂದು ಆಗಲೇ ಕಾಣುತ್ತಿತ್ತು. ಕೈಪಿಡಿ ಬರೆಯುವವರು ಆದ್ಯತೆಯ ಸಂಖ್ಯೆಗಳ ವಿವರಣೆಗಿಂತ ಮೊದಲು, ದಪ್ಪಕ್ಷರದಲ್ಲಿ, ಇದೊಂದು ಮಾತನ್ನು ಹೇಳಬೇಕೆಂಬುದು ನನ್ನ ಹಟ.

ಎರಡು ಆರ್ಕಿಟೆಕ್ಚರಿಗೂ ಬೇರೆ ಬೇರೆ ಆವೃತ್ತಿಯನ್ನು ಪಿನ್ ಮಾಡಬಹುದೇ ಎಂಬ ನಿಮ್ಮ ಎರಡನೆಯ ಆಲೋಚನೆಯನ್ನು ದಯವಿಟ್ಟು ಕೈಬಿಡಿ. ಫ್ರೀಟೈಪ್‌ನಂತಹ ಲೈಬ್ರರಿಗಳ ಮೇಲೆ ಮಲ್ಟಿ-ಆರ್ಚ್ ಸೇಮ್ ಎಂಬ ಗುರುತಿರುತ್ತದೆ. ಎರಡೂ ಪ್ರತಿಗಳು ಡಾಕ್ ಡೈರೆಕ್ಟರಿಯ ಚೇಂಜ್‌ಲಾಗ್‌ನಂತಹ ಕಡತಗಳನ್ನು ಹಂಚಿಕೊಳ್ಳುವುದರಿಂದ ಆವೃತ್ತಿ ಒಂದೇ ಆಗಿರಲೇಬೇಕು. ನನ್ನ ಯಂತ್ರದಲ್ಲಿ ಒಂದು 2.12.1ಕ್ಕೆ ಕಟ್ಟಿಹಾಕಿಕೊಂಡು, ಇನ್ನೊಂದು 2.13ಕ್ಕೆ ಹೊರಟಾಗ ಆಪ್ಟ್ ಒಂದನ್ನು ಕಿತ್ತುಹಾಕಿದ್ದು ಇದೇ ಕಾರಣಕ್ಕೆ.

ಕೋಲನ್ ಎನಿ ಬರೆಯಿರಿ, ಜೊತೆಗೆ ಎಕ್ಸ್‌ಪ್ಲನೇಶನ್ ಎಂಬ ಸಾಲಿನಲ್ಲಿ ಪಿನ್ ಏಕೆ, ಎಲ್ಲಿಯವರೆಗೆ ಎಂಬುದನ್ನೂ ಬರೆದಿಡಿ. ನನ್ನ ಕಡತದಲ್ಲಿ “ಪುಸ್ತಕ ಅಚ್ಚಿಗೆ ಹೋಗುವವರೆಗೆ” ಎಂದಿತ್ತು. ಅಚ್ಚಿಗೆ ಹೋದ ದಿನವೇ ಅಳಿಸಿದೆ.